ಶುಂಠಿಯ ಸತ್ತ್ವ ಮತ್ತು ಬೆಳೆಗಾರನ ಲೆಕ್ಕ



ಹಸಿಶುಂಠಿಯ ಬೆಲೆ ಕುಸಿದ ವರ್ಷ ಕೊಡಗು, ಹಾಸನ, ಶಿವಮೊಗ್ಗದ ಬೆಳೆಗಾರರಿಗೆ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಆಗ ಒಣಗಿಸಿ ಮಾರುವುದು ಒಂದು ದಾರಿ. ಆದರೆ ಸತ್ತ್ವ ತೆಗೆಯುವ ಕಾರ್ಖಾನೆಗೆ ಬೇಕಾದುದು ಗಡ್ಡೆಯ ಗಾತ್ರವಲ್ಲ, ಅದರೊಳಗಿನ ಸಾರ.

ಈ ಸಾರ ಎರಡು ಬಗೆ. ಒಣಶುಂಠಿಯ ಪುಡಿಗೆ ಹಬೆ ಹಾಯಿಸಿದರೆ ಸಾಮಾನ್ಯವಾಗಿ ಶೇ. 1ರಿಂದ 3ರಷ್ಟು ತೈಲ ದೊರೆಯುತ್ತದೆ. ಅದರಲ್ಲಿ ಪರಿಮಳವಿದೆ, ಖಾರವಿಲ್ಲ. ಅಸಿಟೋನಿನಂತಹ ದ್ರಾವಕದಿಂದ ತೆಗೆಯುವ ಓಲಿಯೋರೆಸಿನ್‌ನಲ್ಲಿ ಎರಡೂ ಇವೆ. ಖಾರಕ್ಕೆ ಕಾರಣ ಜಿಂಜೆರಾಲ್. ಒಣಗಿಸುವಾಗ ಇದರ ಒಂದಂಶ ಇನ್ನೂ ಖಾರವಾದ ಶೋಗಾವೋಲ್ ಆಗುತ್ತದೆ. ಬಿಸ್ಕತ್ತು, ಪಾನೀಯ, ಔಷಧಗಳಲ್ಲಿ ಇವುಗಳ ಬಳಕೆಯುಂಟು. ದ್ರಾವಕಕ್ಕೆ ಬೇಗ ಬೆಂಕಿ ಹತ್ತುವುದರಿಂದ ಮನೆಯಲ್ಲಿ ಈ ಪ್ರಯೋಗ ಬೇಡ.

ನೀವು ಮಾಡಬಹುದಾದುದೇನು? ಮಾರಾನ್‌ನಂತಹ ತಳಿ ಒಣಶುಂಠಿಗೆ ಸೂಕ್ತ. ರಿಯೋ ಡಿ ಜನೈರೋ ಹಸಿಶುಂಠಿಗೇ ಸರಿ. ಎಂಟು ತಿಂಗಳು ತುಂಬಿ, ಎಲೆ ಹಳದಿಯಾಗಿ ಒಣಗತೊಡಗಿದಾಗ ಕೀಳಿರಿ. ತೈಲದ ಕೋಶಗಳು ಸಿಪ್ಪೆಯ ಕೆಳಗೇ ಇರುವುದರಿಂದ ಬಿದಿರಿನ ಚಕ್ಕೆಯಿಂದ ಮೇಲುಸಿಪ್ಪೆಯನ್ನಷ್ಟೇ ಹೆರೆಯಿರಿ. ತೊಳೆದು, ಶುಚಿಯಾದ ಕಣದಲ್ಲಿ ಎಂಟು ಹತ್ತು ದಿನ ಬಿಸಿಲಿಗೆ ಹರಡಿ, ತೇವಾಂಶವನ್ನು ಶೇ. 10ಕ್ಕೆ ಇಳಿಸಿರಿ.

100 ಕಿಲೋ ಹಸಿಶುಂಠಿ ಒಣಗಿದರೆ ಉಳಿಯುವುದು 20ರಿಂದ 25 ಕಿಲೋ. ಆದ್ದರಿಂದ ಒಣಶುಂಠಿಯ ಬೆಲೆ ಹಸಿಯದರ ಐದು ಪಟ್ಟು ಮೀರಿ, ಒಣಗಿಸುವ ಕೂಲಿಯೂ ಹುಟ್ಟುವಂತಿದ್ದರೆ ಮಾತ್ರ ಕಣಕ್ಕೆ ಹಾಕಿರಿ. ಲೆಕ್ಕ ಮೊದಲು, ಒಣಗಿಸುವುದು ಆಮೇಲೆ.