ಹಿಂಗಾರಿನ ಬಿಡುವು, ಬೆಟ್ಟದ ಸುಗ್ಗಿ



ಬೆಳೆಯ ಮಾತು ಬಂದಾಗ ಎಲ್ಲರೂ ಮೊದಲು ವಿಚಾರಿಸುವುದು ಮಳೆ ಎಷ್ಟಾಯಿತೆಂದು. ಒಡೆಯರಪಾಳ್ಯದಂತಹ ಬೆಟ್ಟದ ಸೀಮೆಯಲ್ಲಿ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಮಳೆ ಮಳೆಗಳ ನಡುವೆ ಬಿಸಿಲು ಎಷ್ಟು ದಿನ ನಿಂತಿತು? ಶರದೃತುವಿನ ಕೊಯ್ಲಿನ ಗತಿ ನಿಂತಿರುವುದು ಈ ಬಿಡುವಿನ ಮೇಲೆ.

ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟಗಳ ಮೇಲೆ ಸುರಿದು, ಚಾಮರಾಜನಗರ ಜಿಲ್ಲೆಯ ಈ ಭಾಗವನ್ನು ತಲಪುವಾಗ ಬಹುಪಾಲು ಬರಿದಾಗಿರುತ್ತವೆ. ಆದ್ದರಿಂದ ಇಲ್ಲಿ ಮಳೆಗೆ ಎರಡು ಏರುಗಳಿವೆ; ಒಂದು ಮೇ ತಿಂಗಳಿನಲ್ಲಿ, ಇನ್ನೊಂದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಜುಲೈ ಕೊನೆಗೆ ಬಿತ್ತಿದ ರಾಗಿ ಹಸ್ತ, ಚಿತ್ತೆ ಮಳೆಗಳ ಕಾಲಕ್ಕೆ ತೆನೆಗಟ್ಟಿ ಕಾಳು ತುಂಬಿಕೊಳ್ಳುತ್ತದೆ. ಆಗ ಬೀಳುವ ಹನಿ ಹನಿಯೂ ಅನ್ನವೇ. ಅದೇ ಮಳೆ ವಿಶಾಖೆಯಲ್ಲಿ ಬಲಿತ ತೆನೆಯ ಮೇಲೆ ಜಡಿ ಹಿಡಿದರೆ ವರ್ಷದ ದುಡಿಮೆಯನ್ನು ಕೊಳೆಸುತ್ತದೆ.

ಈ ಎರಡು ಮುಖಗಳನ್ನೂ ದಕ್ಷಿಣ ಒಳನಾಡು ಇತ್ತೀಚೆಗೆ ಕಂಡಿದೆ. 2016ರಲ್ಲಿ ಹಿಂಗಾರು ಕೈಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಇವೆರಡರ ನಡುವೆ, 2021ರ ನವೆಂಬರಿನಲ್ಲಿ ಬಿಡದೆ ಸುರಿದ ಮಳೆಗೆ ಕೊಯ್ಲಿಗೆ ಬಂದ ರಾಗಿ ಹೊಲಹೊಲಗಳಲ್ಲಿ ಮಲಗಿತು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತವು ಡಿಸೆಂಬರಿನ ಮೊದಲ ದಿನಗಳಲ್ಲಿ ಈ ಜಿಲ್ಲೆಗೂ ಮಳೆ ತಂದಿತು. ಬಂಗಾಳ ಕೊಲ್ಲಿಯಲ್ಲಿ ಎದ್ದ ಗಾಳಿ ಬೆಟ್ಟದ ಕಣದವರೆಗೂ ಬರುತ್ತದೆ.

ನೆಲಕ್ಕೊರಗಿದ ರಾಗಿ ತೇವದಲ್ಲಿ ತೆನೆಯಲ್ಲಿಯೇ ಮೊಳೆಯುತ್ತದೆ, ಕಾಳು ಕಪ್ಪಾಗುತ್ತದೆ. ಹುಲ್ಲು ಕೊಳೆತರೆ ಬೇಸಿಗೆಯಲ್ಲಿ ದನಗಳಿಗೆ ಮೇವಿಲ್ಲ. ಇನ್ನೂ ಕಾಳು ಕಟ್ಟುತ್ತಿರುವ ಪೈರಿಗೆ ಮೋಡ ಕವಿದ ತಂಪು ಹವೆಯಲ್ಲಿ ಬೆಂಕಿ ರೋಗ ತಗಲಿದರೆ ತೆನೆಯ ಕುತ್ತಿಗೆಯೇ ಒಣಗಿ ಜೊಳ್ಳು ಉಳಿಯುತ್ತದೆ. ಮುಸುಕಿನ ಜೋಳದ ಕಷ್ಟ ಬೇರೆ ಬಗೆಯದು. 1974ರಲ್ಲಿ ನೆಲೆಗೊಂಡ ಇಲ್ಲಿನ ಟಿಬೆಟನ್ ವಸಾಹತಿನಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಅದು ಮುಖ್ಯ ಬೆಳೆ. ಬಲಿತಾಗಲೂ ಅದರ ಕಾಳಿನಲ್ಲಿ ಶೇಕಡಾ 25ಕ್ಕೂ ಮಿಕ್ಕಿ ನೀರಿನಂಶವಿರುತ್ತದೆ. ಸಂಗ್ರಹಿಸಿಡಲು ಅದು 12ರಿಂದ 14ಕ್ಕೆ ಇಳಿಯಬೇಕು. ಬಿಸಿಲಿಲ್ಲದೆ ರಾಶಿಯಲ್ಲಿ ಬಿದ್ದ ಜೋಳಕ್ಕೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಮನುಷ್ಯರಿಗೂ ದನಕರುಗಳಿಗೂ ಕೋಳಿಗಳಿಗೂ ಅಪಾಯಕಾರಿ. ಅಡುಗೆಯ ಬೆಂಕಿಯಲ್ಲಿಯೂ ಅದು ಪೂರ್ಣವಾಗಿ ನಾಶವಾಗದು.

ಕಾಡಂಚಿನ ರೈತನಿಗೆ ಮತ್ತೊಂದು ಭಾರವಿದೆ. ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟದ ಅರಣ್ಯಗಳ ನಡುವಣ ಈ ಸೀಮೆಯಲ್ಲಿ ಎಡೆಯಾರಳ್ಳಿ–ದೊಡ್ಡಸಂಪಿಗೆ ಆನೆಪಥವಿದೆ. ತೆನೆ ಬಲಿಯುವ ಕಾಲವೇ ಆನೆ, ಹಂದಿಗಳು ಹೊಲಕ್ಕಿಳಿಯುವ ಕಾಲ. ಮಳೆಯಿಂದ ಕೊಯ್ಲು ಹತ್ತು ದಿನ ಮುಂದಕ್ಕೆ ಹೋಯಿತೆಂದರೆ ಅಟ್ಟಣೆಯ ಮೇಲಿನ ಕಾವಲು ಹತ್ತು ರಾತ್ರಿ ಬೆಳೆಯಿತೆಂದೇ ಅರ್ಥ. ನಷ್ಟದ ಲೆಕ್ಕದಲ್ಲಿ ಈ ನಿದ್ದೆಗೇಡು ಎಲ್ಲಿಯೂ ಬರೆಯಲ್ಪಡುವುದಿಲ್ಲ.

ಇದಕ್ಕೆ ಪರಿಹಾರವೇನು? ಮೊದಲನೆಯದು ಬೆಟ್ಟದ ಹಳೆಯ ವಿವೇಕ. ಸೋಲಿಗರ ಹೊಲಗಳಲ್ಲಿ ರಾಗಿಯೊಡನೆ ಅವರೆ, ಸಾಸಿವೆ ಮೊದಲಾದವು ಕೂಡಿ ಬೆಳೆಯುತ್ತವೆ. ನಾಟಿ ಅವರೆ ಹಗಲು ಕುಗ್ಗಿದಾಗ ಹೂಬಿಟ್ಟು, ನೆಲದಲ್ಲುಳಿದ ತೇವ ಮತ್ತು ಇಬ್ಬನಿಯಲ್ಲಿ ಕಾಯಿ ಕಟ್ಟುತ್ತದೆ. ರಾಗಿಯನ್ನು ಕೆಡಿಸಿದ ತಡಮಳೆಯೇ ಅವರೆಗೂ ಹುರುಳಿಗೂ ಆಸರೆಯಾಗಬಹುದು. ಇಡೀ ಹೊಲಕ್ಕೆ ಒಂದೇ ತಳಿಯನ್ನು ಒಂದೇ ದಿನ ಬಿತ್ತಿದವನಿಗೆ ಈ ಆಸರೆಯಿಲ್ಲ.

ಎರಡನೆಯದು ಒಣಗಿಸುವ ಏರ್ಪಾಡು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ರೈತರು ಬಲಿತ ಜೋಳದ ದಂಟನ್ನು ತೆನೆಯ ಕೆಳಗೆ ಬಗ್ಗಿಸಿ, ತೆನೆಯ ತುದಿಯನ್ನು ನೆಲದತ್ತ ತಿರುಗಿಸುತ್ತಾರೆ. ಮಳೆನೀರು ಸಿಪ್ಪೆಯೊಳಗೆ ಇಳಿಯದೆ ಜಾರಿಹೋಗುತ್ತದೆ. ಕಾಡಿನಿಂದ ದೂರವಿರುವ ಹೊಲಗಳಿಗೆ ಈ ಕ್ರಮ ಒಗ್ಗೀತು. ಕಾಡಂಚಿನ ಹೊಲದಲ್ಲಿ ತೆನೆಯನ್ನು ಹೆಚ್ಚು ದಿನ ಬಿಡುವಂತಿಲ್ಲ. ಅಲ್ಲಿ ಬೇಗ ಮುರಿದು ತಂದು ಗಾಳಿಯಾಡುವ ಚಾವಣಿಯ ಕೆಳಗೆ ಹರಡಬೇಕು. ಒಬ್ಬೊಬ್ಬರಿಗೂ ಚಾವಣಿ ಕಟ್ಟುವ ಶಕ್ತಿಯಿರದು. ಊರಿಗೊಂದು ಸಾಮೂಹಿಕ ಕಣ, ನಾಲ್ಕಾರು ಟಾರ್ಪಾಲು, ಬಿಸಿಲು ಬಿದ್ದ ಮೂರು ದಿನಗಳಲ್ಲಿ ಹಲವರ ಕೊಯ್ಲು ಮುಗಿಸುವ ಮುಯ್ಯಾಳಿನ ಪದ್ಧತಿ ಇದ್ದರೆ ಸಾಕಷ್ಟು ಕಾಳು ಉಳಿಯುತ್ತದೆ.

ಮೂರನೆಯದು ಹಕ್ಕಿನ ಅರಿವು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಅಧಿಸೂಚಿತ ಬೆಳೆಗೆ ವಿಮೆ ಮಾಡಿಸಿದವರು, ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಫಸಲು 14 ದಿನಗಳೊಳಗೆ ಚಂಡಮಾರುತದಿಂದಾಗಲಿ ಅಕಾಲಿಕ ಮಳೆಯಿಂದಾಗಲಿ ಕೆಟ್ಟರೆ ಪರಿಹಾರ ಕೇಳಬಹುದು. ಆದರೆ 72 ಗಂಟೆಗಳೊಳಗೆ ತಿಳಿಸಬೇಕು.

ಕೊನೆಯದು ವಿದ್ಯಾರ್ಥಿಗಳ ಕೆಲಸ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಸುರಿದ ದಿನ ಮಾತ್ರ ಮಳೆಯ ದಿನ. ಹರಡಿದ ರಾಗಿ ಕೆಡಲು ಅಷ್ಟು ಬೇಕಿಲ್ಲ. ದಿನವಿಡೀ ಜಿನುಗುವ ಸೋನೆ ಸಾಕು. ಆದ್ದರಿಂದ ಶಾಲೆಯ ಅಂಗಳದಲ್ಲಿ ಮಳೆಮಾಪಕವಿಟ್ಟು ಮಳೆಯೊಡನೆ ಸೋನೆ, ಮಂಜು, ಬಿಸಿಲಿನ ದಿನಗಳನ್ನೂ ಬರೆದಿಡಬೇಕು. ಯಾವ ಹೊಲ ಯಾವ ದಿನ ಕೊಯ್ಲಾಯಿತೆಂಬುದನ್ನು ಅದರ ಪಕ್ಕದಲ್ಲಿ ನಮೂದಿಸಬೇಕು. ಹತ್ತು ವರ್ಷ ಹೀಗೆ ಬರೆದ ಊರಿಗೆ ಬಿತ್ತನೆಯ ದಿನವನ್ನು ಆರಿಸಿಕೊಳ್ಳಲು ತನ್ನದೇ ಪಂಚಾಂಗ ದೊರೆಯುತ್ತದೆ.