ಗಾಜಿನ ಕಡಲಿನ ನೆರೆಹೊರೆ

ಗಾಜಿನ ತೊಟ್ಟಿಯಲ್ಲಿ ಸಿಹಿನೀರಿನ ಬಣ್ಣದ ಮೀನುಗಳನ್ನು ಸಾಕುವುದು ನಮ್ಮ ಊರುಗಳಲ್ಲಿ ಹೊಸದೇನೂ ಅಲ್ಲ. ಈಚೆಗೆ ಕೆಲವರ ಮನೆಗಳಲ್ಲಿ ಉಪ್ಪುನೀರಿನ ತೊಟ್ಟಿಯೂ ಕಾಣಿಸಿಕೊಳ್ಳುತ್ತಿದೆ. ಕಡಲಿಗೆ ಬಹುದೂರ, ಘಟ್ಟದ ಮೇಲಿರುವ ನನ್ನ ಮನೆಯಲ್ಲಿಯೂ ಅಂಥದೊಂದು ಉಂಟು. ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲಡಿ ಎತ್ತರ. ಹಿಡಿಯುವುದು ಸುಮಾರು 100 ಲೀಟರು. ಕನ್ನಡ ಪಂಡಿತನಿಗೂ ಕಡಲ ಮೀನಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧ ತಂದವಳು ನನ್ನ ಮಗಳು. ತೊಟ್ಟಿಯನ್ನು ಆಸೆಪಟ್ಟು ಇಡಿಸಿದಳು. ಆರು ತಿಂಗಳಾಗುವುದರೊಳಗೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದಳು. ತೊಟ್ಟಿ ನನ್ನ ಪಾಲಿಗೆ ಉಳಿಯಿತು.

ನೀರಿನ ವಿಚಾರವನ್ನು ನಾನು ವಿಸ್ತರಿಸುವುದಿಲ್ಲ. ಲೀಟರಿಗೆ 35 ಗ್ರಾಂನಂತೆ ಇದಕ್ಕೆಂದೇ ದೊರೆಯುವ ಕಡಲುಪ್ಪಿನ ಮಿಶ್ರಣವನ್ನು ಬೆರೆಸಬೇಕು; ಅಡಿಗೆಯ ಉಪ್ಪು ಕೂಡದು. ಕಲ್ಲು ಮರಳುಗಳಲ್ಲಿ ಮಲಿನವನ್ನು ಅರಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಒಂದು ತಿಂಗಳಿಗೂ ಮಿಕ್ಕಿ ಕಾಲ ಬೇಕಾದೀತು. ಅಲ್ಲಿಯವರೆಗೆ ಮೀನು ಬಿಡಬಾರದು. ಇಷ್ಟನ್ನು ಯಾರಾದರೂ ಹೇಳಿಕೊಡುತ್ತಾರೆ. ಹೇಳಿಕೊಡದೆ ಬಿಡುವುದು ಮತ್ತೊಂದು ಸಂಗತಿ: ಯಾವ ಮೀನಿನ ಜೊತೆಗೆ ಯಾವ ಮೀನು ಬಾಳೀತು ಎಂಬುದು.

ಹವಳದ ದಿಬ್ಬಗಳಲ್ಲಿರುವ ಸಣ್ಣ ಮೀನುಗಳಲ್ಲಿ ಎಷ್ಟೋ ಜಾತಿಯವು ಊರೂರು ತಿರುಗುವವಲ್ಲ. ಒಂದು ಪೊಟರೆ, ಒಂದು ಬಿರುಕು, ಅದರ ಮುಂದಿನ ನಾಲ್ಕು ಮಾರು ನೆಲ, ಇದೇ ಅವುಗಳ ಸರ್ವಸ್ವ. ಆ ಸ್ಥಳಕ್ಕೆ ಮತ್ತೊಂದು ಮೀನು ಬಂದರೆ ಅಟ್ಟುತ್ತವೆ. ಕಡಲಿನಲ್ಲಾದರೆ ಅಟ್ಟಿಸಿಕೊಂಡದ್ದು ಹತ್ತು ಮಾರು ಆಚೆಗೆ ಹೋಗಿ ಬದುಕಿಕೊಳ್ಳುತ್ತದೆ. ಜಗಳ ಅಲ್ಲಿಗೆ ಮುಗಿಯಿತು. ನನ್ನ ಮೂರಡಿಯ ತೊಟ್ಟಿಯಲ್ಲಿ ಆ ಹತ್ತು ಮಾರು ಎಲ್ಲಿಂದ ಬರಬೇಕು?

ಇದನ್ನು ನಾನು ತಿಳಿದದ್ದು ತಡವಾಗಿ. ಮೊದಲು ತಂದದ್ದು ಡ್ಯಾಮ್ಸೆಲ್ ಎಂಬ ನಾಲ್ಕು ನೀಲಿ ಮೀನುಗಳನ್ನು. ಹೆಬ್ಬೆರಳಿನಷ್ಟು ಉದ್ದ, ಮಿಂಚುವ ಮೈ, ಬೆಲೆಯೂ ಅಗ್ಗ. ಅಂಗಡಿಯವನು, "ಗಟ್ಟಿ ಮೀನು ಸಾರ್, ಸಾಯೋದಿಲ್ಲ" ಎಂದ. ಅವನ ಮಾತು ಸುಳ್ಳಾಗಲಿಲ್ಲ. ಅವುಗಳಲ್ಲಿ ಬಲವಾದದ್ದು ಸಾಯಲಿಲ್ಲ. ಉಳಿದ ಮೂರನ್ನು ಮೂರು ತಿಂಗಳಲ್ಲಿ ಕಚ್ಚಿ ಕಚ್ಚಿ ಮುಗಿಸಿತು. ಆ ಬಳಿಕ ತಂದದ್ದು ಫೈರ್‌ಫಿಶ್. ಮುಂಭಾಗ ಬಿಳುಪು, ಹಿಂಭಾಗ ಕೆಂಡದ ಬಣ್ಣ, ಬಲು ಅಂಜುಬುರುಕ ಪ್ರಾಣಿ. ಎರಡು ದಿನ ಮೂಲೆಯಲ್ಲಿ ನಿಂತಿತ್ತು. ಮೂರನೆಯ ದಿನ ಬೆಳಿಗ್ಗೆ ಕಸ ಗುಡಿಸಲು ಬಂದ ನನ್ನ ಮನೆಯಾಕೆ ಅದನ್ನು ನೆಲದ ಮೇಲೆ ಕಂಡಳು. ಅಟ್ಟುವಿಕೆ ತಾಳಲಾರದೆ ರಾತ್ರಿ ನೀರಿನಿಂದ ಹಾರಿತ್ತು, ಒಣಗಿ ಕಡ್ಡಿಯಾಗಿತ್ತು. ತೊಟ್ಟಿಗೆ ಬಲೆಯ ಮುಚ್ಚಳ ಹಾಕಬೇಕೆಂಬ ಬುದ್ಧಿ ಅಂದು ಬಂತು. ಆ ನೀಲಿಯನ್ನು ಹಿಡಿಯಲು ಜೋಡಿಸಿದ ಕಲ್ಲುಗಳನ್ನೆಲ್ಲ ಹೊರಗೆ ತೆಗೆಯಬೇಕಾಯಿತು. ಅರ್ಧ ದಿನ ಹಿಡಿಯಿತು.

ಡ್ಯಾಮ್ಸೆಲ್ ಎಂದರೆ ಇಂಗ್ಲಿಷಿನಲ್ಲಿ ಕನ್ಯೆ. ವ್ಯಾಕರಣದಲ್ಲಿ ಅನ್ವರ್ಥನಾಮವೆಂದು ಮಕ್ಕಳಿಗೆ ಪಾಠ ಹೇಳುತ್ತೇವಲ್ಲ, ಈ ಹೆಸರು ಆ ಜಾತಿಗೆ ಸೇರಿದ್ದಲ್ಲ.

ಹೆಸರಿನಂತೆಯೇ ರೂಪವೂ ಮೋಸಮಾಡುತ್ತದೆ. ರಾಯಲ್ ಗ್ರಾಮಾ ಎಂಬ ಮೀನು ಕೆರಿಬಿಯನ್ ಕಡಲಿನದು. ತಲೆಯ ಕಡೆ ನೇರಳೆ, ಬಾಲದ ಕಡೆ ಹಳದಿ. ತನ್ನ ಗುಹೆಯನ್ನು ಕಾಯುತ್ತದೆ, ಹತ್ತಿರ ಬಂದವರಿಗೆ ಬಾಯಿ ಅಗಲಿಸಿ ಹೆದರಿಸುತ್ತದೆ, ಬಹುಮಟ್ಟಿಗೆ ಅಲ್ಲಿಗೇ ಬಿಡುತ್ತದೆ. ಸಣ್ಣ ತೊಟ್ಟಿಗೆ ತಕ್ಕ ಮೀನು. ಅದೇ ನೇರಳೆ ಹಳದಿಗಳ ರಾಯಲ್ ಡಾಟಿಬ್ಯಾಕ್ ಪಶ್ಚಿಮ ಪೆಸಿಫಿಕ್ಕಿನದು. ಪಕ್ಕದಲ್ಲಿಟ್ಟರೆ ಅವಳಿಗಳೆನ್ನಬೇಕು, ಗುಣ ಮಾತ್ರ ಪುಂಡನದು. ಗುರುತು ಹೇಗೆ? ಗ್ರಾಮಾದಲ್ಲಿ ನೇರಳೆ ಮೆಲ್ಲಮೆಲ್ಲನೆ ಹಳದಿಗೆ ಕರಗುತ್ತದೆ, ಬೆನ್ನಿನ ಈಜುರೆಕ್ಕೆಯ ಮುಂಭಾಗದಲ್ಲಿ ಒಂದು ಕಪ್ಪು ಬೊಟ್ಟಿರುತ್ತದೆ. ಡಾಟಿಬ್ಯಾಕಿನಲ್ಲಿ ಎರಡು ಬಣ್ಣಗಳ ನಡುವೆ ಗೆರೆ ಎಳೆದಂತೆ ಗಡಿ. ಇವೆರಡನ್ನೂ ಒಟ್ಟಿಗೆ ಇಡಬಾರದು. ಬಣ್ಣದಲ್ಲಿ, ಆಕಾರದಲ್ಲಿ, ವಾಸದ ರೀತಿಯಲ್ಲಿ ತನ್ನನ್ನು ಹೋಲುವುದನ್ನೇ ಮೀನು ಮೊದಲು ಶತ್ರುವೆಂದು ಬಗೆಯುತ್ತದೆ. ಆದ್ದರಿಂದ ಆರಿಸುವಾಗ ಒಂದು ನೆಲದ ಮೇಲಿರುವುದು, ಒಂದು ಗುಹೆಯಲ್ಲಿರುವುದು, ಒಂದು ನಡುನೀರಿನಲ್ಲಿ ಆಡುವುದು, ಹೀಗೆ ಬೇರೆ ಬೇರೆ ಅಂತಸ್ತಿನವರನ್ನು ತನ್ನಿ.

ಎಲ್ಲರೂ ಬಯಸುವ ಕಿತ್ತಳೆ ಬಿಳುಪಿನ ಕ್ಲೌನ್ ಮೀನಿನ ಸಂಸಾರ ವಿಚಿತ್ರವಾದದ್ದು. ಮರಿಗಳಾಗಿರುವಾಗ ಅವುಗಳಲ್ಲಿ ಹೆಣ್ಣೇ ಇಲ್ಲ. ಜೊತೆಯಿರುವವುಗಳಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದರ ಕೆಳಗಿನದು ಗಂಡಾಗಿ ಉಳಿಯುತ್ತದೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮನೆಯ ಯಜಮಾನಿಕೆ ವಹಿಸುತ್ತದೆ. ಹೆಣ್ಣಾದದ್ದು ಮತ್ತೆ ಗಂಡಾಗುವುದಿಲ್ಲ. ಆದ್ದರಿಂದ ಬೆಳೆದ ಎರಡನ್ನು ತಂದರೆ ಎರಡೂ ಹೆಣ್ಣಾಗಿರಬಹುದು, ಕಾಳಗವಾಗುತ್ತದೆ. ಒಂದು ಸ್ವಲ್ಪ ದೊಡ್ಡದು, ಒಂದು ಚಿಕ್ಕದು, ಒಂದೇ ಜಾತಿಯ ಎರಡು ಮರಿಗಳನ್ನು ತನ್ನಿ. ಅವು ತಾವೇ ತೀರ್ಮಾನ ಮಾಡಿಕೊಳ್ಳುತ್ತವೆ. ಕಡಲಹೂವು, ಅಂದರೆ ಅನಿಮೋನ್, ಇಲ್ಲದೆಯೂ ಅವು ತೊಟ್ಟಿಯಲ್ಲಿ ಸುಖವಾಗಿರುತ್ತವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು ಹಳದಿಯ ಕಾವಲು ಗೋಬಿ. ಇದನ್ನು ಪಿಸ್ತೂಲು ಸೀಗಡಿಯೆಂಬುದರೊಂದಿಗೆ ಬಿಡಬೇಕು. ಸೀಗಡಿಗೆ ಕಣ್ಣು ಮಂದ. ಆದರೆ ಬಿಲ ತೋಡುವುದರಲ್ಲಿ ನಿಪುಣ. ಗೋಬಿಗೆ ಕಣ್ಣು ಚುರುಕು. ಸೀಗಡಿ ಮರಳನ್ನು ತಳ್ಳಿಕೊಂಡು ಹೊರಗೆ ಬರುವಾಗ ತನ್ನ ಮೀಸೆಯೊಂದನ್ನು ಗೋಬಿಯ ಮೈಮೇಲೆ ಇಟ್ಟುಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲವನ್ನು ಅಲುಗಿಸುತ್ತದೆ, ಸೀಗಡಿ ಒಳಕ್ಕೆ. ಇನ್ನೂ ಅಪಾಯವೆನಿಸಿದರೆ ಗೋಬಿಯೂ ತಲೆಕೆಳಗಾಗಿ ಒಳಕ್ಕೆ. ಉತ್ತರಪತ್ರಿಕೆಗಳನ್ನು ತಿದ್ದುವುದನ್ನು ಬಿಟ್ಟು ನಾನು ಇದನ್ನು ನೋಡುತ್ತ ಕುಳಿತ ಸಂಜೆಗಳುಂಟು. ಇವಕ್ಕೆ ಮರಳಿನ ಜೊತೆಗೆ ಸಣ್ಣ ಕಲ್ಲುಚೂರುಗಳೂ ಬೇಕು. ಇಲ್ಲದಿದ್ದರೆ ಬಿಲದ ಮಾಡು ನಿಲ್ಲದು. ದೊಡ್ಡ ಕಲ್ಲುಗಳನ್ನು ಮರಳಿನ ಮೇಲಲ್ಲ, ತೊಟ್ಟಿಯ ತಳದ ಮೇಲೇ ಕೂರಿಸಿ. ಬಿಲ ತೋಡುವಾಗ ಕುಸಿದು ಬಿದ್ದರೆ ಕಷ್ಟ.

ಬೇಡವೆನ್ನಬೇಕಾದವೂ ಉಂಟು. 2003ರಲ್ಲಿ ಬಂದ 'ಫೈಂಡಿಂಗ್ ನೀಮೊ' ಚಿತ್ರವನ್ನು ಕಂಡ ಮಕ್ಕಳು ಅದರಲ್ಲಿನ ನೀಲಿ ಟ್ಯಾಂಗ್ ಮೀನನ್ನು ಕೇಳುತ್ತಾರೆ. ಅಂಗಡಿಯಲ್ಲಿ ಅದು ಎರಡಂಗುಲ; ಬೆಳೆದಾಗ ಒಂದಡಿ. ಮ್ಯಾಂಡರಿನ್ ಎಂಬುದು ಪತ್ತಲದ ಸೆರಗಿನಂತೆ ಚಿತ್ತಾರದ ಮೀನು, ಯಾರ ತಂಟೆಗೂ ಹೋಗದು. ಆದರೆ ಕಲ್ಲುಗಳ ಮೇಲಿನ ಅತಿಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುವುದು ಅದರ ಸ್ವಭಾವ; ಹೊಸ ಸಣ್ಣ ತೊಟ್ಟಿಯಲ್ಲಿ ಅವು ಬೇಗ ತೀರಿಹೋಗುತ್ತವೆ, ಮೀನು ನಮ್ಮ ಕಣ್ಣೆದುರಿಗೇ ಹಸಿವಿನಿಂದ ಸವೆಯುತ್ತದೆ. ಸಿಂಹಮೀನು ಬಾಯಿಗೆ ಹಿಡಿಸುವ ನೆರೆಯವರನ್ನೆಲ್ಲ ನುಂಗುತ್ತದೆ. ಕಡಲಕುದುರೆಯನ್ನೂ ಹವಳವನ್ನೂ ನಮ್ಮ ಕಡಲಿನಿಂದ ತೆಗೆಯಲೇಬೇಡಿ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಮುಳುಗಿ ಹವಳಗಳನ್ನು ನೋಡಬಹುದು, ತರಬಾರದು. ನನ್ನ ತೊಟ್ಟಿಯಲ್ಲಿರುವ ದಿಬ್ಬ ಪಿಂಗಾಣಿಮಣ್ಣಿನ ಕೃತಕ ಬಂಡೆ. ಮೀನುಗಳು ಇಂದಿನವರೆಗೆ ತಕರಾರೆತ್ತಿಲ್ಲ.

ಅಂಗಡಿಗೆ ಬರುವ ಕಡಲ ಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಕಡಲಿನಲ್ಲಿ ಹಿಡಿದವೇ. ನಾವು ತಪ್ಪಾಗಿ ಆರಿಸಿ ಕೊಂದ ಒಂದೊಂದಕ್ಕೂ ಬದಲಾಗಿ ಮತ್ತೊಂದು ಬಲೆಗೆ ಬೀಳುತ್ತದೆ. ಕ್ಲೌನ್ ಮೀನುಗಳನ್ನಾದರೋ ಮೊಟ್ಟೆಯಿಂದ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ತೊಟ್ಟಿಯಲ್ಲಿ ಹುಟ್ಟಿದ್ದೆ ಎಂದು ವಿಚಾರಿಸಿ ಕೊಳ್ಳಿ.

ಇನ್ನು ಬಿಡುವ ಕ್ರಮ. ಸಾಧುವಾದದ್ದು ಮೊದಲು, ಜೋರಿನದು ಕೊನೆಗೆ. ಮೊದಲು ಬಂದದ್ದಕ್ಕೆ ಮನೆಯೆಲ್ಲ ತನ್ನದೆಂಬ ಭಾವನೆ ಹುಟ್ಟುವುದರಿಂದ, ಜೋರಿನದನ್ನು ಮೊದಲು ಬಿಟ್ಟರೆ ನನ್ನ ಡ್ಯಾಮ್ಸೆಲ್ಲಿನ ಕತೆಯಾಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಮೂರು ನಾಲ್ಕು ವಾರಗಳ ಅಂತರವಿರಲಿ. ಹೊಸಬರನ್ನು ಬಿಡುವ ದಿನ ಕಲ್ಲುಗಳನ್ನು ಸ್ವಲ್ಪ ಅತ್ತಿತ್ತ ಸರಿಸಿದರೆ ಹಳಬರಿಗೂ ಗಡಿಗುರುತು ತಪ್ಪಿ, ಜಗಳದ ಬಿಸಿ ಇಳಿಯುತ್ತದೆ.

ನನ್ನ ತೊಟ್ಟಿಯಲ್ಲಿ ಈಗ ಗೋಬಿಯೊಂದು, ಗ್ರಾಮಾ ಒಂದು, ಕ್ಲೌನ್ ದಂಪತಿ, ಜೊತೆಗೆ ಸೀಗಡಿ. ರಜೆಗೆ ಬಂದಾಗಲೆಲ್ಲ ಮಗಳು, "ಅಪ್ಪ, ಇನ್ನೊಂದು ಮೀನಿಗೆ ಜಾಗವಿದೆಯಲ್ಲ" ಎನ್ನುತ್ತಾಳೆ. ಜಾಗ ಕಾಣಿಸುತ್ತಿರುವುದು ನಮಗೆ. ಅವುಗಳನ್ನು ಕೇಳಿ ಹೇಳುತ್ತೇನೆಂದು ಇಲ್ಲಿಯವರೆಗೆ ಮುಂದೂಡಿದ್ದೇನೆ.