ದೋಣಿಯಿಂದ ಕಾಣದ ಊರುಗಳು

(ಪ್ರವಾಸಿ ಮಾರ್ಗದರ್ಶಿಗಳಾಗಲು ಹೊರಟ ಹೆಗ್ಗಡದೇವನಕೋಟೆ ಸೀಮೆಯ ಯುವಕ ಯುವತಿಯರ ಮುಂದೆ ಮಾಡಿದ ಭಾಷಣದ ಬರಹರೂಪ)



ಒಂದು ಊರನ್ನು ಬೀದಿಯಲ್ಲಿ ನಡೆದು ನೋಡಬಹುದು, ಹೊಳೆಯಲ್ಲಿ ದೋಣಿ ಹತ್ತಿಯೂ ನೋಡಬಹುದು. ಬೀದಿಯಲ್ಲಿ ನಿಂತವನಿಗೆ ಕಟ್ಟಡದ ಮುಂಬಾಗಿಲು ಕಾಣುತ್ತದೆ. ದೋಣಿಯಲ್ಲಿ ಕುಳಿತವನಿಗೆ ಆ ಊರು ಅಲ್ಲಿಯೇ ಏಕೆ ಹುಟ್ಟಿತು, ಎಲ್ಲಿಂದ ನೀರು ತಂದಿತು, ಯಾವ ದಂಡೆಗೆ ಸರಕು ಇಳಿಸಿತು ಎನ್ನುವುದು ತಿಳಿಯುತ್ತದೆ. ಜಗತ್ತಿನ ಅನೇಕ ನಗರಗಳಲ್ಲಿ ವಾಸ್ತುಶಿಲ್ಪ ತೋರಿಸುವ ದೋಣಿ ವಿಹಾರಗಳು ಜನಪ್ರಿಯವಾಗಿರುವುದು ಇದೇ ಕಾರಣಕ್ಕೆ.

ಅಮೆರಿಕದ ಷಿಕಾಗೊ ಇದಕ್ಕೆ ಹೆಸರಾದ ಊರು. ಅಲ್ಲಿನ ನದಿಯಲ್ಲಿ ಸಾಗುವ ದೋಣಿಗಳಲ್ಲಿ ತರಬೇತಿ ಪಡೆದ ಸ್ವಯಂಸೇವಕರು ನಿಂತು ಮಾತನಾಡುತ್ತಾರೆ. ಅವರು ಕಟ್ಟಡಗಳ ಹೆಸರು, ಎತ್ತರಗಳಿಗೆ ನಿಲ್ಲುವುದಿಲ್ಲ. 1871ರ ಬೆಂಕಿಯಲ್ಲಿ ಊರು ಸುಟ್ಟುಹೋದದ್ದು, ಮತ್ತೆ ಕಟ್ಟಿದ್ದು, ಊರಿನ ಕೊಳಚೆ ಕುಡಿಯುವ ನೀರಿನ ಸರೋವರಕ್ಕೆ ಸೇರದಂತೆ 1900ರಲ್ಲಿ ನದಿಯ ಹರಿವನ್ನೇ ಹಿಂದಕ್ಕೆ ತಿರುಗಿಸಿದ್ದು, ಇವೆಲ್ಲವೂ ಅವರ ಮಾತಿನಲ್ಲಿ ಬರುತ್ತವೆ. ನೋಡುವವನ ಕಣ್ಣಿಗೆ ಕಟ್ಟಡ, ಕಿವಿಗೆ ಅದರ ಕಾರಣ.

ನಮಗೂ ಇದು ಹೊಸದಲ್ಲ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗೆ ಹೆಣೆದು ಹೊರಗೆ ಚರ್ಮ ಹೊದಿಸಿದ ಅವುಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುತ್ತಿದ್ದರು. ಇಂದಿಗೂ ಹಂಪಿಯಲ್ಲಿ ಹರಿಗೋಲು ಹತ್ತಿದರೆ ಚಕ್ರತೀರ್ಥದ ಕೋದಂಡರಾಮ ಗುಡಿ, ಬಂಡೆಯಲ್ಲಿ ಕೊರೆದ ಲಿಂಗಗಳು, ಪುರಂದರ ಮಂಟಪ ಇವೆಲ್ಲ ಹೊಳೆಯ ಕಡೆಗೆ ಮುಖಮಾಡಿ ನಿಂತದ್ದು ಏಕೆಂದು ತಾನಾಗಿಯೇ ಅರ್ಥವಾಗುತ್ತದೆ.

ಈಗ ನಮ್ಮ ಕಾಕನಕೋಟೆಗೆ ಬರೋಣ. ಕಾರಾಪುರದ ಕಡೆಯಿಂದ ಕಬಿನಿ ಹಿನ್ನೀರಿನಲ್ಲಿ ದೋಣಿ ಸಾಗಿದರೆ ಒಂದು ದಂಡೆಯಲ್ಲಿ ನಾಗರಹೊಳೆ, ಇನ್ನೊಂದು ದಂಡೆಯಲ್ಲಿ ಬಂಡೀಪುರ. ನೀರಿನ ನಡುವೆ ಒಣಗಿ ನಿಂತ ಮರದ ಬೊಡ್ಡೆಗಳು, ಅವುಗಳ ಮೇಲೆ ರೆಕ್ಕೆ ಹರಡಿ ಕುಳಿತ ನೀರುಕಾಗೆಗಳು, ಬೇಸಗೆಯಾದರೆ ದಂಡೆಯ ತುಂಬ ಆನೆಗಳು. ಗೋಪುರವಿಲ್ಲ, ಕೋಟೆಯಿಲ್ಲ. ಪ್ರವಾಸಿ ಇದನ್ನು ಮನುಷ್ಯನ ಕೈ ಸೋಕದ ಕಾಡೆಂದು ನಂಬಿ ಫೋಟೊ ತೆಗೆದು ಹೋಗುತ್ತಾನೆ. ಆ ನಂಬಿಕೆ ತಪ್ಪು. ಅದನ್ನು ತಿದ್ದಬೇಕಾದವರು ನೀವು.

ಮೊದಲನೆಯದಾಗಿ, ಈ ಕಣಿವೆಯಲ್ಲಿ ಒಂದು ರಾಜಧಾನಿಯಿತ್ತು. ಕ್ರಿಸ್ತಶಕ 2ನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ, ಬೆರಿಲ್ ಎಂಬ ರತ್ನ ಸಿಗುವ ಪುನ್ನಾಟದ ಹೆಸರು ಬರೆದಿಟ್ಟಿದ್ದಾನೆ. ಆ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವನ್ನು ವಿದ್ವಾಂಸರು ನಮ್ಮ ತಾಲ್ಲೂಕಿನ ಕಬಿನಿ ದಂಡೆಯ ಕಿತ್ತೂರು ಎಂದು ಗುರುತಿಸಿದ್ದಾರೆ. ಪುನ್ನಾಟದ ಅರಸ ಸ್ಕಂದವರ್ಮನ ಮಗಳು ಗಂಗರ ಅವಿನೀತನ ಕೈಹಿಡಿದಳು. ಅವಳ ಮಗ ದುರ್ವಿನೀತ. ಪುನ್ನಾಟ ಗಂಗರ ರಾಜ್ಯದಲ್ಲಿ ಬೆರೆತುಹೋಯಿತು. ಹಂಪಿಗಿಂತ ಸುಮಾರು ಸಾವಿರ ವರ್ಷ ಹಿಂದಿನ ರಾಜಧಾನಿಯೊಂದು ಈ ಹೊಳೆಯನ್ನು ನಂಬಿ ಬದುಕಿತ್ತು ಎಂದು ಹೇಳಲು ನಿಮಗೆ ಒಂದು ನಿಮಿಷ ಸಾಕು.

ಎರಡನೆಯದು ಖೆಡ್ಡಾ. ಮೈಸೂರು ಸೀಮೆಯಲ್ಲಿ ಜಿ.ಪಿ. ಸ್ಯಾಂಡರ್ಸನ್ 1873–74ರಲ್ಲಿ ಆರಂಭಿಸಿದ ಈ ಪದ್ಧತಿಗೆ ಮುಂದೆ ಕಾಕನಕೋಟೆಯೇ ಮುಖ್ಯ ನೆಲೆಯಾಯಿತು. ಅದೂ ಒಂದು ಬಗೆಯ ವಾಸ್ತುವೇ. ದಪ್ಪ ಮರದ ದಿಮ್ಮಿಗಳ ಆವರಣ, ಮೇಲಿಂದ ಬೀಳುವ ಬಾಗಿಲು, ಆನೆಗಳನ್ನು ಹೊಳೆಗೆ ಅಟ್ಟುವ ದಾರಿ, ಅತಿಥಿಗಳು ಕುಳಿತು ನೋಡಲು ಅಟ್ಟಣೆ. ಆದರೆ ಕಾಡಿನ ದಾರಿ ಬಲ್ಲವರು ಅಟ್ಟಣೆಯ ಮೇಲೆ ಕುಳಿತವರಲ್ಲ; ಆನೆಯ ಜಾಡು ಹಿಡಿದು ಹಿಂಡನ್ನು ಸುತ್ತುವರಿದ ಕುರುಬರು, ಆಮೇಲೆ ಅವನ್ನು ಪಳಗಿಸಿದ ಮಾವುತರು. ಕಾರಾಪುರದ ಮಾವುತರ ಮನೆಯ ಹುಡುಗ ಸಾಬು 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ಪ್ರಸಿದ್ಧನಾದ. ಮಾಸ್ತಿಯವರು ‘ಕಾಕನಕೋಟೆ’ ನಾಟಕ ಬರೆದರು, ಸಿ.ಆರ್. ಸಿಂಹ 1977ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಖೆಡ್ಡಾದ ನೆಲವನ್ನು ನೀರು ನುಂಗಿತು.

ಮೂರನೆಯದು ಆ ನೀರೇ. ಬಿದರಹಳ್ಳಿ ಬೀಚನಹಳ್ಳಿಗಳ ಬಳಿ ಕಟ್ಟಿದ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2284 ಅಡಿ, ಸಾಮರ್ಥ್ಯ 19.52 ಟಿಎಂಸಿ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಈ ಅಂಕಿಗಳನ್ನು ನಾವೆಲ್ಲ ಓದುತ್ತೇವೆ. ಗದ್ದೆಗಳಿಗೆ ನೀರು ಬಂತು, ಮೈಸೂರಿನ ನಲ್ಲಿಗಳಿಗೂ ಬಂತು. ಆದರೆ ಮನೆ, ಗದ್ದೆ, ಗುಡಿ, ಹಿರಿಯರ ಸಮಾಧಿಗಳೊಂದಿಗೆ ಹಳ್ಳಿಗಳು ಮುಳುಗಿದವು. ಮುಂದೆ ಅಭಯಾರಣ್ಯದ ಕಟ್ಟುಪಾಡುಗಳಿಂದ ಹಾಡಿಗಳ ಜೇನುಕುರುಬರೂ ಕಾಡಿನಿಂದ ಹೊರಬಿದ್ದರು.

ಇನ್ನೊಂದು ಸಂಗತಿಯನ್ನು ತಪ್ಪದೆ ಹೇಳಿ. ಪ್ರವಾಸಿ ನೋಡಲು ಬರುವ ಆನೆಗಳ ಮಹಾಮೇಳವೂ ಈ ಅಣೆಕಟ್ಟಿನ ಫಲ. ಬೇಸಗೆಯಲ್ಲಿ ನೀರು ಇಳಿಯುತ್ತಿದ್ದಂತೆ ಮುಳುಗಡೆಯ ನೆಲ ಹೊರಬೀಳುತ್ತದೆ. ಆ ತೇವದ ಮಣ್ಣಿನಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿರುವಾಗ ನೀರೂ ಮೇವೂ ಒಂದೇ ಕಡೆ ಸಿಗುವುದರಿಂದ ಹಿಂಡುಗಳು ಇಲ್ಲಿ ಸೇರುತ್ತವೆ. ಒಂದು ಕಾಲದಲ್ಲಿ ಜನ ಬಾಳಿದ ನೆಲದ ಮೇಲೆ ಆನೆ ಮೇಯುತ್ತಿದೆ. ಇದು ತಿಳಿದರೆ ಆನೆಯ ಚಂದ ಕಡಿಮೆಯಾಗುವುದಿಲ್ಲ. ನೋಡುವವನಿಗೆ ಆ ನೆಲದ ಋಣ ತಿಳಿಯುತ್ತದೆ.

ಮುಳುಗಿದ್ದಕ್ಕೆಲ್ಲ ಒಂದೇ ಗತಿಯಾಗಿಲ್ಲ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಹೊಯ್ಸಳರ ಕಾಲದ ಕನ್ನಂಬಾಡಿ ವೇಣುಗೋಪಾಲಸ್ವಾಮಿ ದೇವಾಲಯದ ಕಲ್ಲುಗಳಿಗೆ ಗುರುತು ಹಾಕಿ, ಬಿಚ್ಚಿ, ಹಿನ್ನೀರಿನ ದಂಡೆಯಲ್ಲಿ ಮತ್ತೆ ಕಟ್ಟಿದರು. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಇಗರ್ಜಿ ಛಾವಣಿಯಿಲ್ಲದೆ ನಿಂತಿದೆ. ಮಳೆಗಾಲದಲ್ಲಿ ಜನ ದೋಣಿಯಲ್ಲಿ ಹೋಗಿ ಅದನ್ನು ನೋಡುತ್ತಾರೆ. ಕಲ್ಲಿನ ಗುಡಿಯನ್ನು ಎತ್ತಿ ಕಟ್ಟಬಹುದು. ಮಣ್ಣಿನ ಗೋಡೆ, ಹುಲ್ಲಿನ ಸೂರಿನ ಹಟ್ಟಿಯನ್ನು ಹಾಗೆ ಎತ್ತಿಡಲು ಬರುವುದಿಲ್ಲ. ಅದು ಉಳಿಯುವುದು ಹೆಸರಿನಲ್ಲಿ ಮಾತ್ರ.

ಆದ್ದರಿಂದ ನಿಮ್ಮ ಕೆಲಸ ಇಲ್ಲಿಂದ ಶುರುವಾಗಲಿ. 1974ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಪುನರ್ವಸತಿ ಹಳ್ಳಿಗಳಿಗೆ, ಹಾಡಿಗಳಿಗೆ ಹೋಗಿ. ಅಜ್ಜ ಅಜ್ಜಿಯರ ಮುಂದೆ ಕುಳಿತು ಕೇಳಿ: ನಿಮ್ಮ ಹಳೇ ಊರು ಯಾವುದು? ಬಾವಿ ಎಲ್ಲಿತ್ತು? ಜಾತ್ರೆ ಯಾವಾಗ ನಡೆಯುತ್ತಿತ್ತು? ಹೆಸರುಗಳನ್ನು ಬರೆದುಕೊಳ್ಳಿ. ಭೀಮನಕೊಲ್ಲಿ ಮಹದೇಶ್ವರನಿಗೆ ನಡೆದುಕೊಳ್ಳುವ ಹಿರಿಯ ಒಕ್ಕಲುಗಳನ್ನೂ ವಿಚಾರಿಸಿ. ಹಳೆಯ ಕಂದಾಯ ನಕ್ಷೆಗಳೊಂದಿಗೆ ಹೋಲಿಸಿ ನೋಡಿ. ದೋಣಿ ಹತ್ತುವ ಕಡೆ ಆ ಹೆಸರುಗಳ ಒಂದು ಫಲಕ ಹಾಕಿಸಲು ಸಂಬಂಧಪಟ್ಟವರನ್ನು ಕೇಳಿ.

ಪ್ರವಾಸೋದ್ಯಮ ನಮ್ಮ ಸೀಮೆಗೆ ಅನ್ನ ಕೊಡುತ್ತದೆ ನಿಜ. ಆದರೆ 2025ರ ನವೆಂಬರಿನಲ್ಲಿ ಹುಲಿಗೆ ರೈತರು ಬಲಿಯಾದಾಗ ಸರ್ಕಾರ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಕಾಡಂಚಿನಲ್ಲಿ ಬದುಕುವ ಜನ ಬೇರೆ, ದೋಣಿಯಲ್ಲಿ ಕುಳಿತ ಜನ ಬೇರೆ ಎಂಬಂತೆ ಬಹಳ ದಿನ ನಡೆಯುವುದಿಲ್ಲ ಎಂಬುದನ್ನು ಅದು ತೋರಿಸಿತು. ಅವರಿಬ್ಬರ ನಡುವೆ ಮಾತು ಆಡಬಲ್ಲವರು ಈ ನೆಲದಲ್ಲೇ ಹುಟ್ಟಿದ ನೀವು. ಆನೆ ಕಂಡಾಗ ಅದರತ್ತ ಕೈ ತೋರಿಸಿ. ಆನೆ ಕಾಣದ ಹೊತ್ತಿನಲ್ಲಿ ದೋಣಿಯ ಕೆಳಗಿರುವ ಊರಿನ ಹೆಸರು ಹೇಳಿ.